ಪರೀಕ್ಷೆಯಿಲ್ಲದ ಪಾಠ

ವಿಶ್ವವಿದ್ಯಾಲಯಗಳು ಊರವರಿಗೆಲ್ಲ ಬಾಗಿಲು ತೆರೆದು ನಡೆಸುವ ಉಪನ್ಯಾಸಗಳಿಗೆ ಹೋಗುವುದು ನನಗೆ ಬಹಳ ಹಿಂದಿನಿಂದ ಅಂಟಿದ ಗೀಳು. ವಿಷಯ ಯಾವುದಾದರೂ ಸರಿ: ಶಾಸನ, ತತ್ವಪದ, ರೈತ ಚಳವಳಿ, ರಾಗದ ಲಕ್ಷಣ. ಅಲ್ಲಿ ಹಾಜರಿ ಕರೆಯುವವರಿಲ್ಲ, ಪರೀಕ್ಷೆಯಿಲ್ಲ, ಅಂಕವಿಲ್ಲ. ಬಂದವರು ತಿಳಿಯಬೇಕೆಂದೇ ಬಂದಿರುತ್ತಾರೆ. ಮಾತಾಡುವವರು ಬರೆದು ತಂದ ಹಾಳೆಗಳನ್ನು ಪಕ್ಕಕ್ಕಿಟ್ಟು, ಕನ್ನಡಕ ತೆಗೆದು, ಎದುರಿಗಿದ್ದವರನ್ನು ನೋಡಿಕೊಂಡು ಮಾತಾಡತೊಡಗುವ ಒಂದು ಗಳಿಗೆ ಇದೆಯಲ್ಲ, ನಾನು ಕಾಯುವುದು ಅದಕ್ಕೆ.

ನಾನಿರುವ, ತಮಿಳುನಾಡಿನ ಗಡಿಯೂರು ಹೊಸೂರಿನ ಮೂಕಂಡಪಲ್ಲಿಯಲ್ಲಿ ಇಂಥದ್ದು ಸಿಗುವುದಿಲ್ಲ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಈ ಊರಿನ ಗಡಿಯಾರ ಕಾರ್ಖಾನೆಯದು. ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್. ಈಗ ಹೊಸೂರು ಮಹಾನಗರ ಪಾಲಿಕೆಯೇ ಆಗಿದೆ. ಕೃಷ್ಣಗಿರಿ ಜಿಲ್ಲೆಯ ಕಾಲೇಜುಗಳು ಸೇರುವ ಪೆರಿಯಾರ್ ವಿಶ್ವವಿದ್ಯಾಲಯ ಇರುವುದು ದೂರದ ಸೇಲಂನಲ್ಲಿ. ಇತ್ತ ಬಾಗಲೂರು ದಾರಿ ಹಿಡಿದು ಗಡಿ ದಾಟಿದರೆ ಸರ್ಜಾಪುರ. ಅಲ್ಲಿನ ಬುರುಗುಂಟೆಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. 2022ರಲ್ಲಿ ಅಲ್ಲಿ ನದಿಗಳನ್ನು ಕುರಿತ ಉತ್ಸವ ನಡೆಯಿತು, ಮರುವರ್ಷ ಕಾಡುಗಳನ್ನು ಕುರಿತದ್ದು. ನದಿಯ ಮಾತು ಬಂದರೆ ನನ್ನ ಮನಸ್ಸು ತಾನಾಗಿ ದಕ್ಷಿಣ ಪಿನಾಕಿನಿಯ ಕಡೆ ಹೊರಳುತ್ತದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಳ್ಳಂದೂರು ವರ್ತೂರು ಕೆರೆಗಳ ಕೊಳಕನ್ನೆಲ್ಲ ಹೊತ್ತು, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಬರುವ ಹೊತ್ತಿಗೆ ನೊರೆ ಕಾರುವ ನದಿ ಅದು. ಅದರ ಬಗ್ಗೆ ಮಾತಾಡುವ ವಿದ್ವಾಂಸರು ಕೆಲವರಪಳ್ಳಿಯ ದಂಡೆಯಲ್ಲೇ ನಿಂತು ಒಮ್ಮೆ ಮಾತಾಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆ ನೀರಿನ ನಾತ ಬಲ್ಲ ಕೇಳುಗರು ಇರುವುದು ಈ ಕಡೆ.

ಉಪನ್ಯಾಸ ಕೇಳುವುದು ಈ ಸೀಮೆಗೆ ಹೊಸದೇನಲ್ಲ. ಧರ್ಮಪುರಿ ಕೃಷ್ಣಗಿರಿ ಕಡೆಯ ದ್ರೌಪದಿ ಅಮ್ಮನ ಗುಡಿಗಳಲ್ಲಿ ಬೇಸಿಗೆ ಬಂತೆಂದರೆ ಭಾರತ. ಹಗಲು ಪ್ರಸಂಗಿಗಳು ಕಥೆ ಓದಿ ಅರ್ಥ ಹೇಳುತ್ತಾರೆ, ರಾತ್ರಿ ತೆರುಕ್ಕೂತ್ತು ಎಂಬ ಬಯಲಾಟ. ಕೊನೆಯ ದಿನ ಬಯಲಲ್ಲಿ ಮಣ್ಣಿನ ದುರ್ಯೋಧನ ಅಂಗಾತ ಮಲಗಿರುತ್ತಾನೆ. ಭೀಮನ ವೇಷದವನು ಅವನ ತೊಡೆ ಒಡೆಯುತ್ತಾನೆ, ದ್ರೌಪದಿ ಬಿಚ್ಚಿದ ಮುಡಿ ಕಟ್ಟುತ್ತಾಳೆ. ಮನೆಯಲ್ಲಿ ಕನ್ನಡವೋ ತೆಲುಗೋ ಆಡುವವರೂ ಚಾಪೆ ಹಾಸಿಕೊಂಡು ಕೂತು ತಮಿಳಿನ ಭಾರತ ಕೇಳುತ್ತಾರೆ. ಕನ್ನಡದ ಕಡೆ ಅದೇ ಕೆಲಸವನ್ನು ಗಮಕ ಮಾಡಿತು. ಒಬ್ಬರು ಕುಮಾರವ್ಯಾಸನನ್ನು ವಾಚಿಸುವುದು, ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನ ಹೇಳುವುದು. ಓದು ಬಾರದವರಿಗೂ ಪದ್ಯ ಬಾಯಿಗೆ ಬರುತ್ತಿತ್ತು. ಕಾವ್ಯವನ್ನು ಹೀಗೆ ಹತ್ತು ಜನರ ನಡುವೆ ಬಿಡಿಸಿ ನೋಡುವ ಅಭ್ಯಾಸ ನಮ್ಮಲ್ಲಿ ಇಷ್ಟು ಹಳೆಯದಾಗಿರುವಾಗ, ವಿಶ್ವವಿದ್ಯಾಲಯ ಅದನ್ನು ಕೈಬಿಟ್ಟರೆ ನಷ್ಟ ವಿಶ್ವವಿದ್ಯಾಲಯಕ್ಕೇ.

ಕೈಬಿಡದೆ ನಡೆಸಿದ ಕಾಲವೂ ಇತ್ತು. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿಯೇ ಪ್ರಚಾರೋಪನ್ಯಾಸಗಳನ್ನು ಶುರುಮಾಡಿತು. ಮೇಷ್ಟರುಗಳು ಕಾಲೇಜು ಬಿಟ್ಟು ಸಣ್ಣ ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು. ಆಡಿದ್ದು ಕಿರುಹೊತ್ತಗೆಯಾಗಿ ಅಚ್ಚಾಯಿತು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಈ ಕೆಲಸಕ್ಕೆ ದೊಡ್ಡ ಒತ್ತಾಸೆಯಾಗಿ ನಿಂತರು. ಧಾರವಾಡದಲ್ಲಿ ಚೆನ್ನವೀರ ಕಣವಿಯವರು ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವನ್ನು 1983ರ ತನಕ ನಡೆಸಿದರು. ಕವಿಯೊಬ್ಬರು ತಮ್ಮ ಉದ್ಯೋಗದ ವರ್ಷಗಳನ್ನೆಲ್ಲ ಬೇರೆಯವರ ಉಪನ್ಯಾಸಗಳನ್ನು ಜನರಿಗೆ ತಲುಪಿಸಲು ಕೊಟ್ಟರೆಂಬುದು ನೆನೆದಾಗಲೆಲ್ಲ ಮನಸ್ಸು ತುಂಬುತ್ತದೆ. ಆ ಉಪನ್ಯಾಸ ಗ್ರಂಥಮಾಲೆಯ ತೆಳುವಾದ ಪುಸ್ತಕಗಳು ಹಳೆಪುಸ್ತಕದ ಅಂಗಡಿಯಲ್ಲಿ ಕಂಡರೆ ನಾನು ಬಿಡುವುದಿಲ್ಲ. ಜೇಬಿಗೆ ಹಿಡಿಯುವ ಗಾತ್ರ, ಒಂದು ಪ್ರಯಾಣಕ್ಕೆ ಸಾಲುವಷ್ಟು ಓದು.

ಇನ್ನು ಪ್ರಶ್ನೋತ್ತರ. ಅದು ಶುರುವಾಗುತ್ತಲೇ ಎದ್ದು ಹೋಗುವವರನ್ನು ಕಂಡರೆ ನನಗೆ ಮರುಕ. ಬೆಂಗಳೂರಿನ ಒಂದು ಸಭೆಯಲ್ಲಿ ವೀರಗಲ್ಲುಗಳ ಬಗ್ಗೆ ಮಾತು ಮುಗಿದಿತ್ತು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅವನೇ. ಪರದೆಯ ಮೇಲೆ ಇದನ್ನೆಲ್ಲ ಕೋಲು ಹಿಡಿದು ತೋರಿಸಿದ್ದರು. ಹಿಂದಿನ ಸಾಲಿನಿಂದ ಕಾರ್ಖಾನೆಯ ಸಮವಸ್ತ್ರದಲ್ಲಿದ್ದ ಯುವಕ ಎದ್ದ. ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು.

“ಸಾರ್, ನಮ್ಮ ಹೊಲದ ಬದುವಲ್ಲಿ ಇಂಥದ್ದೊಂದು ಕಲ್ಲಿದೆ. ಕೆಳಗಡೆ ಒಬ್ಬ ಹುಲಿಗೆ ಈಟಿ ಚುಚ್ತಾ ಇದಾನೆ. ವರ್ಷಕ್ಕೊಂದ್ಸಲ ಅಮ್ಮ ಅರಿಶಿಣ ಕುಂಕುಮ ಇಡ್ತಾಳೆ. ಅವನು ಯಾರು ಅಂತ ಯಾರಿಗೂ ಗೊತ್ತಿಲ್ಲ.”

“ಯಾವೂರಪ್ಪ ನಿಮ್ಮದು?”

“ಬೇರಿಗೆ ಹತ್ರ, ಸಾರ್.”

ಉಪನ್ಯಾಸ ಕೊಟ್ಟ ಹಿರಿಯರು ವೇದಿಕೆ ಇಳಿದು ಬಂದರು. ಕಲ್ಲಿನಲ್ಲಿ ಅಕ್ಷರವಿದೆಯೇ, ಮುಖ ಯಾವ ದಿಕ್ಕಿಗೆ, ಹತ್ತಿರ ಕೆರೆಯಿದೆಯೇ ಎಂದು ಒಂದೊಂದಾಗಿ ಕೇಳಿದರು. ಟೀ ಹಂಚುವ ಹೊತ್ತಿನಲ್ಲೂ ಇಬ್ಬರೂ ಗೋಡೆಗೊರಗಿ ನಿಂತು ಹುಡುಗನ ಫೋನಿನಲ್ಲಿದ್ದ ಚಿತ್ರ ದೊಡ್ಡದು ಮಾಡಿ ನೋಡುತ್ತಿದ್ದರು. ಪುಸ್ತಕದಲ್ಲಿ ಓದಿದ್ದ ವೀರನಿಗೂ ಅರಿಶಿಣ ಹಚ್ಚಿಸಿಕೊಂಡ ಕಲ್ಲಿಗೂ ಅಂದು ಭೇಟಿಯಾಯಿತು. ಉಪನ್ಯಾಸದಷ್ಟೇ ಬೆಲೆ ಆ ಭೇಟಿಗೂ ಇದೆ ಎಂದು ನಾನು ನಂಬಿದ್ದೇನೆ.

ಆ ಹುಡುಗನಂಥವರು ಮೂಕಂಡಪಲ್ಲಿಯ ಬಾಡಿಗೆ ಕೋಣೆಗಳಲ್ಲಿ ಬೇಕಾದಷ್ಟು ಇದ್ದಾರೆ. ತಳಿ, ಅಂಚೆಟ್ಟಿ, ದೇಂಕಣಿಕೋಟೆ, ಆನೇಕಲ್ಲಿನಿಂದ ಬಂದವರು. ಇವರು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೂರಿಕೊಂಡು ಸಭಾಂಗಣಕ್ಕೆ ಬರಲಿ ಎನ್ನುವುದಕ್ಕಿಂತ ಸಭೆಯೇ ಇಲ್ಲಿಗೆ ಬರುವುದು ನ್ಯಾಯ. ವಿಷಯಕ್ಕೆ ಬರವಿಲ್ಲ. ರಾಜಧಾನಿ ಕಣ್ಣನೂರು ಕೈತಪ್ಪಿದ ಮೇಲೆ ಹೊಯ್ಸಳ ರಾಮನಾಥ ಬಂದು ನೆಲೆನಿಂತ ಕುಂದಾಣಿ ಈ ಸೀಮೆಯಲ್ಲೇ ಇದೆ. ಹಳೇಬೀಡು ಬಲ್ಲವರಲ್ಲಿ ಎಷ್ಟು ಮಂದಿ ಅದನ್ನು ಬಲ್ಲರು? ರಾಜಾಜಿ ಹುಟ್ಟಿದ ತೊರಪಳ್ಳಿಯೂ ಇಲ್ಲೇ. ಒಂದು ದಿನ ಕನ್ನಡದಲ್ಲಿ, ಇನ್ನೊಂದು ದಿನ ತಮಿಳಿನಲ್ಲಿ, ಮತ್ತೊಂದು ದಿನ ತೆಲುಗಿನಲ್ಲಿ ನಡೆದರೆ ಕೇಳುವವರು ಮೂರಕ್ಕೂ ಬರುತ್ತಾರೆ, ಮೂರೂ ಕಿವಿಗೆ ಪಳಗಿವೆ.

ಬೇಕಾದದ್ದು ಒಂದು ಶಾಲೆಯ ಅಂಗಳ, ಮೈಕು, ಒಂದಷ್ಟು ಕುರ್ಚಿ. ಹೊತ್ತು ಮಾತ್ರ ಕಾರ್ಖಾನೆಯ ಹೊತ್ತು ನೋಡಿಕೊಂಡೇ ಇಡಬೇಕು. ಫಸ್ಟ್ ಶಿಫ್ಟಿನವರು ಮಧ್ಯಾಹ್ನಕ್ಕೇ ಬಿಡುತ್ತಾರೆ. ಸಂಜೆ ಐದೂವರೆಗೆ ಶುರುಮಾಡಿದರೆ ಅವರು ಮನೆಗೆ ಹೋಗಿ ಸ್ನಾನ ಮುಗಿಸಿ ಬರಬಹುದು, ನೈಟ್ ಶಿಫ್ಟಿನವರೂ ಪ್ರಶ್ನೋತ್ತರ ಮುಗಿಯುವ ತನಕ ಕೂತು ಕೆಲಸಕ್ಕೆ ಹೋಗಬಹುದು.