ವಾರಂಟಿ ಮುಗಿದ ಮೇಲೆ ಗೇರ್‌ಬಾಕ್ಸ್

ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ವಾರಂಟಿ ತಾರೀಖು ನೋಡಿಕೊಂಡೇ ಕೆಡುತ್ತದೋ ಏನೋ! ಡ್ರೈ ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ನಲ್ಲಿ ಕ್ಲಚ್ಚಿಗೆ ಎಣ್ಣೆಯ ತಂಪಿಲ್ಲ. ಗುಂಡಗುರ್ತಿಯಿಂದ ಹೊರಟು ವಾಡಿ, ಶಹಾಬಾದ್ ಕಡೆ ಮೇ ತಿಂಗಳ ಬಿಸಿಲಲ್ಲಿ ಸಿಮೆಂಟ್ ಲಾರಿಗಳ ಹಿಂದೆ ತೆವಳಿದರೆ ಅದು ಅರೆಬರೆ ಹಿಡಿದು, ಜಾರಿ, ಕಾದು ಸವೆಯುತ್ತದೆ. ಕೇಳಿದರೆ ಶೋರೂಮಿನವರು, ‘ನೀವು ಓಡಸೋದೇ ಸರಿ ಇಲ್ರೀ’ ಅಂತಾರೆ. (ನಮ್ಮ ರಸ್ತೆಯ ಫೋಟೋ ಬ್ರೋಷರ್‌ನಲ್ಲಿ ಹಾಕಿದ್ದರೆ ಕೊಳ್ಳುವ ಮುಂಚೆ ನಾವೂ ಯೋಚಿಸುತ್ತಿದ್ದೆವು.)

ಆಸ್ಟ್ರೇಲಿಯಾದಲ್ಲಿ ಪವರ್‌ಶಿಫ್ಟ್ ಎಂಬ ಇಂಥದೇ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದ್ದ ಫೋರ್ಡ್ ಕಾರುಗಳ ಗಿರಾಕಿಗಳಿಗೂ ಇದೇ ಉತ್ತರ ಸಿಕ್ಕಿತ್ತು. ಗಿರಾಕಿಗಳನ್ನು ಹೀಗೆ ನಡೆಸಿಕೊಂಡಿದ್ದಕ್ಕೆ 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಫೋರ್ಡ್‌ಗೆ 1 ಕೋಟಿ ಡಾಲರ್ ದಂಡ ಹಾಕಿತು.

ನಮಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಕಾರು ಎಲ್ಲೇ ಕೊಂಡಿರಲಿ, ನಾವಿರುವ ಕಲಬುರಗಿ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ. ತಯಾರಿಕೆಯ ದೋಷ ಅಂತ ತೋರಿಸುವ ಭಾರ ಮಾತ್ರ ನಮ್ಮ ತಲೆ ಮೇಲೇ. ಆದ್ದರಿಂದ ವಾರಂಟಿ ಇರುವಾಗಲೇ ಒಂದೊಂದು ಜರ್ಕನ್ನೂ, ನಡುಕವನ್ನೂ ಜಾಬ್ ಕಾರ್ಡ್‌ನಲ್ಲಿ ಬರೆಸಿ, ಪ್ರತಿ ಇಸಿದುಕೊಳ್ಳಿ. ‘ಆವಾಗೇ ಬಾಯಿಲೆ ಹೇಳಿದ್ದೆನ್ರೀ’ ಅಂದರೆ ಆಯೋಗದಲ್ಲಿ ನಡೆಯೋದಿಲ್ಲ.