ಇವರ ಕೆಂಪು ಕಾರು, ನನ್ನ ಲೆಕ್ಕದ ಪುಸ್ತಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಮನೆ ರಿಪೇರಿ, ತಂಗಿಯರ ಮದುವೆ ಎಲ್ಲಾ ಮುಗಿಸಿದ ಮೇಲೆ ನಮ್ಮ ಮನೆಯವರು ಮೂರನೆಯದೊಂದನ್ನು ತಾವಾಗಿಯೇ ಸೇರಿಸಿದರು: ಹಳೇ ಸ್ಪೋರ್ಟ್ಸ್ ಕಾರು ಕೊಂಡು ನೋಡು!

ಇವರಿಗೆ ಈ ಹುಚ್ಚು ಇಂದಿನದಲ್ಲ. 1982ರಿಂದ ನಮ್ಮ ಬೆಂಗಳೂರಿನಲ್ಲೇ ಸಿಪಾನಿ ಡಾಲ್ಫಿನ್ ಅಂತ ಒಂದು ಪುಟ್ಟ ಕಾರು ತಯಾರಾಗುತ್ತಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ಮಾದರಿ. ಎರಡೇ ಬಾಗಿಲು, ಫೈಬರ್ ಮೈ, 848 ಸಿ.ಸಿ. ಇಂಜಿನ್. ಹಗುರವಾಗಿದ್ದರಿಂದ ರ್‍ಯಾಲಿಗಳಲ್ಲಿ ಚೆನ್ನಾಗಿ ಓಡುತ್ತಿತ್ತಂತೆ. 1983ರ ಕೊನೆಗೆ ಮಾರುತಿ ಬಂದ ಮೇಲೆ ಅದನ್ನು ಕೇಳುವವರು ಕಡಿಮೆಯಾದರು. ಆದರೆ ಶಾಲೆಗೆ ಹೋಗೋ ಹುಡುಗನಾಗಿದ್ದ ಇವರ ತಲೆಯಲ್ಲಿ ಮಾತ್ರ ಅದು ಇನ್ನೂ ಓಡುತ್ತಲೇ ಇತ್ತು.

ಕಲಾಸಿಪಾಳ್ಯದ ಗಲ್ಲಿಯಲ್ಲಿ ನಮ್ಮದು ಮಾವನವರ ಕಾಲದ ಮನೆ. ಇವರಿಗೆ ಲಾರಿ ಪಾರ್ಸೆಲ್ ಆಫೀಸಿನಲ್ಲಿ ಲೆಕ್ಕ ಬರೆಯೋ ಕೆಲಸ. 2024ರ ಜೂನ್‌ನಲ್ಲಿ ಊರಿನ ಜಮೀನಿನ ಪಾಲಿನ ದುಡ್ಡು ಕೈಗೆ ಬಂತು. ಒಂದು ಭಾಗ ಮಗಳ ಕಾಲೇಜಿಗೆ ಅಂತ ಬ್ಯಾಂಕಿನಲ್ಲಿ ಇಟ್ಟೆವು. ಉಳಿದದ್ದರಲ್ಲಿ ಒಂದು ಸಂಜೆ ಗಲ್ಲಿಯ ಬಾಯಿಗೆ ಕೆಂಪು ಕಾರು ಬಂದು ನಿಂತಿತು. ವಿದೇಶಿ ಕಂಪನಿಯದು, ಹನ್ನೆರಡು ವರ್ಷ ಹಳೆಯದು, ಟರ್ಬೊ ಇಂಜಿನ್. "ಹೊಸದರಲ್ಲಿ ಇದರ ಬೆಲೆ ಎಷ್ಟಿತ್ತು ಗೊತ್ತೇನೇ? ನಾಲ್ಕೂವರೆ ಲಕ್ಷಕ್ಕೆ ಸಿಕ್ತು!" ಅಂದರು. ಅಷ್ಟು ದೊಡ್ಡ ಕಾರು ಅಷ್ಟು ಕಡಿಮೆಗೆ ಯಾಕೆ ಸಿಕ್ತು ಅಂತ ಕೇಳೋದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಲ ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಕಡೆ ಕರಕೊಂಡು ಹೋದಾಗ ನನಗೂ ಖುಷಿಯಾಯಿತು. ಸೀಟು ಎಷ್ಟು ತಗ್ಗು ಅಂದರೆ ಸೀರೆ ಉಟ್ಟು ಕೂತವಳನ್ನು ಎಬ್ಬಿಸೋಕೆ ಇಬ್ಬರು ಬೇಕು. ಆದರೆ ಇಪ್ಪತ್ತು ವರ್ಷದಲ್ಲಿ ಇವರ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ.

ಸೋಮವಾರದಿಂದ ಖರ್ಚು ಶುರು. ಟೈರ್ ನೋಡೋಕೆ ಹೊಸದರ ಹಾಗಿತ್ತು. ಬೀದಿ ಕೊನೆಯ ಗ್ಯಾರೇಜಿನ ಭಾಯಿ ಬಗ್ಗಿ ನೋಡಿ, "ಅಕ್ಕಾ, ಇಲ್ಲಿ ನಾಲ್ಕು ಅಂಕಿ ಇದೆ ನೋಡಿ. ಮೊದಲೆರಡು ವಾರ, ಆಮೇಲಿನೆರಡು ವರ್ಷ" ಅಂದರು. 1415 ಅಂತಿತ್ತು. ಅಂದರೆ 2015ರ ಹದಿನಾಲ್ಕನೇ ವಾರ. ಸವೆದಿರಲಿಲ್ಲ, ಆದರೆ ರಬ್ಬರು ಸತ್ತಿತ್ತು. ಹೀಗೇ ಟೈಮಿಂಗ್ ಬೆಲ್ಟ್. ಅದು ಇಂಜಿನ್ ಒಳಗಿನ ವಾಲ್ವುಗಳನ್ನು ತಾಳಕ್ಕೆ ತಕ್ಕ ಹಾಗೆ ಆಡಿಸೋ ರಬ್ಬರ್ ಪಟ್ಟಿ. ನಮ್ಮ ಕುಕ್ಕರ್ ಗ್ಯಾಸ್ಕೆಟ್ ಇದ್ದ ಹಾಗೇ, ಬಳಸದೇ ಇಟ್ಟರೂ ವಯಸ್ಸಾಗುತ್ತೆ. ಗ್ಯಾಸ್ಕೆಟ್ ಹೋದರೆ ಅನ್ನ ಬೇಯೋಲ್ಲ, ಅಷ್ಟೆ. ಇಂಥ ಇಂಜಿನ್ನಿನಲ್ಲಿ ಬೆಲ್ಟ್ ಕಿತ್ತರೆ ಪಿಸ್ಟನ್ನೂ ವಾಲ್ವೂ ಡಿಕ್ಕಿ ಹೊಡೆದು ಇಂಜಿನ್ನೇ ಹೋಗುತ್ತೆ.

ತಮಾಷೆ ನೋಡಿ. ಕಲಾಸಿಪಾಳ್ಯ, ಜೆ.ಸಿ. ರಸ್ತೆ ಅಂದರೆ ಬಿಡಿಭಾಗಗಳ ತವರುಮನೆ. ಯಾವ ಲಾರಿಯ ಯಾವ ಬೋಲ್ಟು ಬೇಕಾದರೂ ಮನೆಯಿಂದ ಚಪ್ಪಲಿ ಹಾಕಿಕೊಂಡು ಹೋಗಿ ತರಬಹುದು. ಈ ಕಾರಿನದು ಮಾತ್ರ ಒಂದೂ ಸಿಗಲಿಲ್ಲ. ಎಲ್ಲಾ ಆರ್ಡರ್ ಮಾಡಿ ಆರಾರು ವಾರ ಕಾಯಬೇಕು. ಕಾದ ಮೇಲೆ ಬರೋ ಬಿಲ್ಲು ಕೂಡ ವಿದೇಶಿ ಕಾರಿಗೆ ತಕ್ಕ ಹಾಗೇ ಇರುತ್ತಿತ್ತು.

2025ರ ಮೇ ತಿಂಗಳಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಟರ್ಬೊ ಅಂದರೆ ಹೊರಹೋಗೋ ಬಿಸಿ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬೋ ಯಂತ್ರ. ಆ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತಂತೆ. ಅದಕ್ಕೆ ಪ್ರಾಣ ಅಂದರೆ ಶುದ್ಧ ಆಯಿಲ್. ಹಿಂದಿನ ಮಾಲೀಕರು ಆಯಿಲ್ ಬದಲಾಯಿಸೋದರಲ್ಲಿ ಜಿಪುಣತನ ಮಾಡಿದ್ದರ ಫಲ ನಮ್ಮ ಪಾಲಿಗೆ ಬಂತು. ಖರ್ಚು 92,000 ರೂಪಾಯಿ.

ಆ ದುಡ್ಡು ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಜೂನ್‌ನಲ್ಲಿ ಬ್ಯಾಂಕಿನ ಪಾಸ್‌ಬುಕ್ ನೋಡಿದಾಗ ಗೊತ್ತಾಯಿತು. ಮಗಳ ಕಾಲೇಜಿನ ದುಡ್ಡು.

ಅವತ್ತು ರಾತ್ರಿ ನಾನು ಕೂಗಾಡಲಿಲ್ಲ. ಹಾಲು, ತರಕಾರಿ ಲೆಕ್ಕ ಬರೆಯೋ ಪುಸ್ತಕ ತಂದು ಇವರ ಮುಂದಿಟ್ಟೆ. ಕೊನೆಯ ಪುಟಗಳಲ್ಲಿ ಕಾರಿನ ಪ್ರತಿಯೊಂದು ಖರ್ಚೂ ಬರೆದಿಟ್ಟಿದ್ದೆ. ಇವರು ಓದುತ್ತಾ ಕೂತರು. ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಅಮ್ಮ, ಅಪ್ಪನ ಕಾರು ಮಾರಿಸಬೇಡ. ಇಂಜಿನಿಯರಿಂಗ್ ಬೇಡ, ನಾನು ಬಿ.ಎಸ್ಸಿ.ಗೆ ಸೇರ್ತೀನಿ" ಅಂದಳು. ಇವರು ಪುಸ್ತಕ ಮುಚ್ಚಿದರು. ಏನೂ ಮಾತಾಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಗಿರಾಕಿ ನೋಡೋಕೆ ಭಾಯಿಗೆ ಹೇಳಿದೀನಿ" ಅಂದರು.

ಆಗಸ್ಟ್‌ನಲ್ಲಿ 3,10,000ಕ್ಕೆ ಹೋಯಿತು. ಹದಿನಾಲ್ಕು ತಿಂಗಳ ಲೆಕ್ಕ ಹೀಗಿದೆ: ವರ್ಗಾವಣೆ ಮತ್ತು ವಿಮೆ 31,000, ಟೈರ್ 48,000, ಬೆಲ್ಟ್, ವಾಟರ್ ಪಂಪ್ 38,000, ಟರ್ಬೊ 92,000, ನಮ್ಮ ರಸ್ತೆ ಉಬ್ಬುಗಳಿಗೆ ಬಲಿಯಾದ ಸಸ್ಪೆನ್ಷನ್ 27,000, ಪೆಟ್ರೋಲ್ 72,000. ಮಾರಿದಾಗ ಆದ ನಷ್ಟ 1,40,000. ಒಟ್ಟು 4,48,000. ಓಡಿದ್ದು 5,200 ಕಿಲೋಮೀಟರ್. ಕಿಲೋಮೀಟರಿಗೆ 86 ರೂಪಾಯಿ! ಅದೇ ಆಗಸ್ಟ್‌ನಲ್ಲಿ ಬೆಂಗಳೂರಿನ ಆಟೋ ದರ ಕಿಲೋಮೀಟರಿಗೆ 18 ಆದಾಗ ನಾವೆಲ್ಲಾ ಜಾಸ್ತಿ ಆಯ್ತು ಅಂತ ಗೊಣಗಿದ್ದೆವು.

ನಿಮ್ಮ ಮನೆಯಲ್ಲೂ ಇಂಥ ಆಸೆ ಹುಟ್ಟಿದರೆ, ಅಕ್ಕತಂಗಿಯರೇ, ಬೇಡ ಅಂತ ನಾನು ಹೇಳೋಲ್ಲ. ಕಾರಿನ ಬಣ್ಣ ನೋಡೋ ಮೊದಲು ಸರ್ವಿಸ್ ಬಿಲ್ಲುಗಳನ್ನು ಕೇಳಿ. ಆಯಿಲ್ ಯಾವಾಗ, ಬೆಲ್ಟ್ ಯಾವಾಗ ಬದಲಾಯಿಸಿದರು ಅಂತ ನೋಡಿ. ರಾತ್ರಿಯಿಡೀ ತಣ್ಣಗಿದ್ದ ಇಂಜಿನ್ನನ್ನು ಬೆಳಿಗ್ಗೆ ನಿಮ್ಮೆದುರೇ ಚಾಲೂ ಮಾಡಿಸಿ. ಬಿಸಿ ಇಂಜಿನ್ ಕಾಯಿಲೆ ಮುಚ್ಚಿಡುತ್ತೆ. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ತೋರಿಸಿ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತೆ, ಕಾರಿನ ಜೊತೆ ಬರೋಲ್ಲ. ಕಾರು ಹಳೆಯದಾದರೆ ಅದರ ಬೆಲೆ ಇಳಿಯುತ್ತೆ, ಬಿಡಿಭಾಗದ ಬೆಲೆ ಇಳಿಯೋಲ್ಲ. ಆದ್ದರಿಂದ ಕೊಂಡ ಬೆಲೆಯ ಅರ್ಧದಷ್ಟಾದರೂ ಮೊದಲ ವರ್ಷಕ್ಕೆ ಬೇರೆ ಎತ್ತಿಡಿ. ಅದು ಇಲ್ಲದಿದ್ದರೆ ಆ ಕಾರು ನಿಮ್ಮದಲ್ಲ.

ಮಗಳು ಇಂಜಿನಿಯರಿಂಗ್ ಕಾಲೇಜಿಗೇ ಸೇರಿದಳು. ಇವರು ಮತ್ತೆ ಹಳೇ ಸ್ಕೂಟರಿನಲ್ಲಿ ಆಫೀಸಿಗೆ ಹೋಗ್ತಾರೆ. ರಸ್ತೆಯಲ್ಲಿ ಗುಡುಗುವ ಸದ್ದು ಮಾಡಿಕೊಂಡು ಯಾವುದಾದರೂ ಕಾರು ಹೋದರೆ ಈಗಲೂ ತಿರುಗಿ ನೋಡ್ತಾರೆ. ನೋಡಲಿ ಬಿಡಿ. ನೋಡೋದಕ್ಕೇನು ಪೆಟ್ರೋಲ್ ಹಾಕಿಸಬೇಕೇ?