ಕೇಳದೆ ಬಿಟ್ಟ ಪ್ರಶ್ನೆಗಳು

ಕೋರ್ಟಿನ ಫಾರಂ ಓದುವುದು ನನಗೆ ಬಲು ಇಷ್ಟ ಎಂದರೆ ಯಾರೂ ನಂಬುವುದಿಲ್ಲ. 'ಊಟ ಆದ್ಮೇಲೆ ಜನ ಸೀರಿಯಲ್ ನೋಡ್ತಾರೆ, ನೀನು ಶುಲ್ಕ ಮಾಫಿ ಅರ್ಜಿ ನೋಡ್ತೀಯಲ್ಲೇ' ಎಂದು ನಮ್ಮ ಯಜಮಾನರು ನಗುತ್ತಾರೆ. ಬಾಸ್ಟನ್ನಿನ ಹೊರವಲಯದಲ್ಲಿ ನಮ್ಮ ಮನೆ. ಹಗಲು ಕಂಪನಿಯ ಸಾಫ್ಟ್‌ವೇರ್, ರಾತ್ರಿ ಈ ಹುಚ್ಚು. ಕೋರ್ಟಿನ ಒಂದು ಫಾರಂ ಹಿಡಿದು ಅದನ್ನು ಸಣ್ಣ ಸಣ್ಣ ಪ್ರಶ್ನೆಗಳಾಗಿ ಬಿಡಿಸುತ್ತೇನೆ. ಫೋನಿನ ಪರದೆಯ ಮೇಲೆ ಒಂದೊಂದಾಗಿ ಬರುವಂತೆ ಜೋಡಿಸುತ್ತೇನೆ. ಉತ್ತರ ಕೊಡುತ್ತ ಹೋದವರ ಕೈಗೆ ಕೊನೆಯಲ್ಲಿ ಭರ್ತಿಯಾದ ಫಾರಂ ಬರುತ್ತದೆ. ಸಹಿ ಹಾಕಿ ಕೋರ್ಟಿಗೆ ಕೊಟ್ಟರಾಯಿತು. ಇದನ್ನು ಮಾಡುವವರು ಗೈಡೆಡ್ ಇಂಟರ್‌ವ್ಯೂ ಎನ್ನುತ್ತಾರೆ. ತಾಲ್ಲೂಕು ಕಚೇರಿಯ ಮುಂದೆ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಕೂತ ಅರ್ಜಿ ಬರೆಯುವವರನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. 'ಸರ್ವೆ ನಂಬರ್ ಎಷ್ಟು? ಅಣ್ಣತಮ್ಮಂದಿರು ಎಷ್ಟು ಜನ? ಭಾಗ ಆಗಿದೆಯಾ?' ಎಂದು ಕೇಳುತ್ತಲೇ ಅವರ ಬೆರಳು ಓಡುತ್ತಿತ್ತು. ಬಂದವರು ಗೋಳು ಹೇಳಿಕೊಳ್ಳುತ್ತಿದ್ದರು. ಕಾಗದದ ಮೇಲೆ ಅರ್ಜಿ ಮೂಡುತ್ತಿತ್ತು.

ಅಮೆರಿಕದಲ್ಲಿ ಈ ಅರ್ಜಿ ಬರೆಯುವವರ ಜಾಗ ಬಹುಮಟ್ಟಿಗೆ ಖಾಲಿ. ಗುರುತರ ಅಪರಾಧದ ಆರೋಪ ಹೊತ್ತ ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದು 1963ರ ಗಿಡಿಯನ್ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸಿವಿಲ್ ಮೊಕದ್ದಮೆಗಳಿಗೆ ಸಂವಿಧಾನ ಅಂಥ ಭರವಸೆ ಕೊಟ್ಟಿಲ್ಲ. ಬಾಡಿಗೆ ಮನೆ ಖಾಲಿ ಮಾಡಿಸುವ ದಾವೆ, ವಿಚ್ಛೇದನ, ಮಗು ಯಾರ ಬಳಿ ಇರಬೇಕೆಂಬ ತಕರಾರು, ಇವಕ್ಕೆಲ್ಲ ವಕೀಲರ ಫೀಸು ಕೊಡಲಾಗದವರು ಹೆಚ್ಚಾಗಿ ತಾವೇ ಹೋಗಿ ನಿಲ್ಲಬೇಕು. ಕೈಯಲ್ಲಿರುವುದು ಒಂದು ಫಾರಂ ಮಾತ್ರ.

ಆ ಫಾರಮ್ಮಿನ ತೂಕ ಎಷ್ಟೆಂದು ನನಗೆ ತಿಳಿದದ್ದು 2011ರ ಟರ್ನರ್ ಪ್ರಕರಣ ಓದಿದಾಗ. ದಕ್ಷಿಣ ಕ್ಯಾರೊಲಿನಾದ ಟರ್ನರ್ ಎಂಬ ಒಬ್ಬ ತಂದೆ ಮಗುವಿನ ಜೀವನಾಂಶ ಬಾಕಿ ಉಳಿಸಿಕೊಂಡಿದ್ದ. ಕಟ್ಟುವ ಶಕ್ತಿಯಿದ್ದೂ ಕಟ್ಟದಿದ್ದರೆ ಜೈಲು. ಶಕ್ತಿಯೇ ಇಲ್ಲದಿದ್ದರೆ ಹಾಗೆ ಕೂಡಿಹಾಕುವಂತಿಲ್ಲ. ನ್ಯಾಯಾಧೀಶರ ಆದೇಶದ ನಮೂನೆಯಲ್ಲೇ 'ಶಕ್ತಿ ಇದೆ', 'ಇಲ್ಲ' ಎಂಬ ಎರಡೂ ಅಚ್ಚಾಗಿದ್ದವು, ಒಂದನ್ನು ಗುರುತು ಮಾಡಬೇಕಿತ್ತು. ಯಾವುದನ್ನೂ ಮಾಡದೆ ಹನ್ನೆರಡು ತಿಂಗಳು ಒಳಗೆ ಹಾಕಿದರು. ಅವನ ಪರ ವಕೀಲರಿರಲಿಲ್ಲ, ಎದುರು ಕಡೆಗೂ ಇರಲಿಲ್ಲ. ಸುಪ್ರೀಂ ಕೋರ್ಟಿಗೆ ಬಂದು ತೀರ್ಪಾಗುವ ಹೊತ್ತಿಗೆ ಶಿಕ್ಷೆ ಅನುಭವಿಸಿಯೂ ಆಗಿತ್ತು. ಇಂಥ ಕಡೆ ವಕೀಲರನ್ನು ಕೊಡಲೇಬೇಕೆಂದೇನಿಲ್ಲ, ಆದರೆ ಬದಲಿ ರಕ್ಷಣೆ ಇರಬೇಕು ಎಂದ ಕೋರ್ಟು, ಆ ರಕ್ಷಣೆಗಳ ಪಟ್ಟಿಯಲ್ಲಿ ಆತನ ಹಣಕಾಸಿನ ವಿವರ ಕೇಳುವ ಒಂದು ಫಾರಮ್ಮನ್ನೂ ಸೇರಿಸಿತು. ವಕೀಲರ ಬದಲಿಗೆ ಫಾರಂ! ಇದು ನ್ಯಾಯವೋ ಜುಗ್ಗತನವೋ ಎಂದು ವಾದ ಮಾಡುವವರಿದ್ದಾರೆ, ನಾನು ಎರಡನೆಯ ಪಕ್ಷ. ಆದರೂ ಫಾರಮ್ಮೇ ಗತಿ ಎಂದಾದ ಮೇಲೆ ಅದನ್ನು ನೆಟ್ಟಗೆ ಮಾಡುವುದು ನಮ್ಮ ಪಾಲಿಗೆ ಬಂದ ಕೆಲಸ.

ಫಾರಂ ನೆಟ್ಟಗಿರುವುದಿಲ್ಲ ಏಕೆಂದರೆ ಅದರ ಕ್ರಮ ಕಚೇರಿಯದು. ಹಾಸನದ ಕಡೆ ಗುಮಾಸ್ತರಾಗಿ ನಿವೃತ್ತರಾದ ನಮ್ಮಪ್ಪ ಇಲ್ಲಿಗೆ ಬಂದಾಗ ನನ್ನ ಭುಜದ ಮೇಲಿಂದ ಇಣುಕಿ, 'ಫಾರಂ ಇರೋದು ಅರ್ಜಿದಾರನಿಗಲ್ಲ ಕಣಮ್ಮ, ಫೈಲಿಗೆ' ಎಂದರು. ಇಷ್ಟು ಖಚಿತವಾಗಿ ಹೇಳಿದ ತಜ್ಞರನ್ನು ನಾನು ಕಂಡಿಲ್ಲ.

ನಾನು ಬಳಸುವ ಸಾಧನದ ಹೆಸರು ಡಾಕ್‌ಅಸೆಂಬಲ್. ಫಿಲಡೆಲ್ಫಿಯಾದಲ್ಲಿ ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಸಂಸ್ಥೆಯ ವಕೀಲ ಜೊನಾಥನ್ ಪೈಲ್ ಪೈಥಾನ್‌ನಲ್ಲಿ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಬಿಟ್ಟುಕೊಟ್ಟದ್ದು. ಅದಕ್ಕೂ ಮೊದಲು ಷಿಕಾಗೋ-ಕೆಂಟ್ ಕಾನೂನು ಕಾಲೇಜಿನಿಂದ ಎ2ಜೆ ಆಥರ್ ಬಂದಿತ್ತು. ಅದರಲ್ಲಿ ಪರದೆಯ ತುಂಬ ಕೋರ್ಟಿಗೆ ಹೋಗುವ ಒಂದು ದಾರಿಯ ಚಿತ್ರ. ಒಂದೊಂದು ಉತ್ತರಕ್ಕೂ ಮುಂದೆ ಸಾಗುತ್ತೀರಿ. ಚೆಂದವೇ. ನನಗೆ ಹಿಡಿಸಿದ್ದು ಮಾತ್ರ ಡಾಕ್‌ಅಸೆಂಬಲ್ಲಿನ ಹಿಮ್ಮುಖ ನಡಿಗೆ. ಅದಕ್ಕೆ ಪ್ರಶ್ನೆಗಳ ಕ್ರಮ ಹೇಳಿಕೊಡಬೇಕಿಲ್ಲ. ಕೊನೆಗೆ ಬೇಕಾದ ಕಾಗದವನ್ನು ಮೊದಲು ಬರೆದು ಖಾಲಿ ಜಾಗಗಳನ್ನು ಬಿಡುತ್ತೇವೆ. ಅದು ಮೊದಲ ಖಾಲಿ ಜಾಗಕ್ಕೆ ಬಂದು ನಿಲ್ಲುತ್ತದೆ, ಇದನ್ನು ತುಂಬುವ ಪ್ರಶ್ನೆ ಯಾವುದೆಂದು ಹುಡುಕುತ್ತದೆ. ಆ ಪ್ರಶ್ನೆಗೆ ಇನ್ನೊಂದು ವಿವರ ಬೇಕಾದರೆ ಅದರ ಪ್ರಶ್ನೆಗೆ ಹೋಗುತ್ತದೆ. ಯಾವುದಾದರೂ ವಿವರ ಬೇಡವೆಂದಾದರೆ ಅದರ ಪ್ರಶ್ನೆ ಪರದೆಗೆ ಬರುವುದೇ ಇಲ್ಲ. ಬರೆದಿಟ್ಟ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಬ್ಬೊಬ್ಬರಿಗೆ ಕಾಣದೆಯೇ ಉಳಿಯುತ್ತವೆ. ಹಾಗೆ ಕಾಣದಂತೆ ಮಾಡುವುದರಲ್ಲೇ ನನ್ನ ಸುಖವೆಲ್ಲ ಇದೆ. (ಸಾಲಿನ ಮುಂದೆ ಒಂದು ಖಾಲಿ ಜಾಗ ಹೆಚ್ಚುಕಮ್ಮಿಯಾದರೆ ಇಡೀ ಯಂತ್ರ ಮುನಿಸಿಕೊಂಡು ಕೂರುತ್ತದೆ, ಆ ದುಃಖ ಬೇರೆ.)

ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಕೋರ್ಟು ಶುಲ್ಕ ಮಾಫಿ ಅಫಿಡವಿಟ್ಟನ್ನೇ ನೋಡಿ. ಮಾಫಿ ಪಡೆಯಲು ಮೂರು ದಾರಿ. ಮೆಡಿಕೇಡ್‌ನಂಥ ಸರ್ಕಾರಿ ನೆರವು ಪಡೆಯುತ್ತಿದ್ದರೆ ಒಂದು. ತೆರಿಗೆ ಕಳೆದ ಆದಾಯ ಬಡತನ ರೇಖೆಯ ಶೇ. 125ರ ಒಳಗಿದ್ದರೆ ಇನ್ನೊಂದು. ಅವೆರಡೂ ಇಲ್ಲದಿದ್ದರೂ, ಶುಲ್ಕ ಕಟ್ಟಿದರೆ ಊಟ, ವಸತಿ, ಬಟ್ಟೆಗೇ ಕುತ್ತು ಬರುವಂತಿದ್ದರೆ ಮೂರನೆಯದು. ಅದಕ್ಕೆ ಖರ್ಚುವೆಚ್ಚದ ವಿವರವಿರುವ ಮತ್ತೊಂದು ಫಾರಂ ಜೊತೆಗಿಡಬೇಕು. ಕಾಗದದಲ್ಲಿ ಮೂರೂ ಒಟ್ಟಿಗೇ ಕಣ್ಣಿಗೆ ರಾಚುತ್ತವೆ. ಮೊದಲನೆಯದರಲ್ಲೇ ಪಾಸಾಗುವವರೂ ಸಂಬಳದ ಚೀಟಿ ಹುಡುಕುತ್ತ ಕೂರುತ್ತಾರೆ. ಇಂಟರ್‌ವ್ಯೂ ಮೊದಲು ನೆರವಿನ ಪ್ರಶ್ನೆಯೊಂದನ್ನೇ ಕೇಳುತ್ತದೆ. ಹೌದೆಂದರೆ ಆದಾಯದ ಮಾತೇ ಇಲ್ಲ. ಇಲ್ಲವೆಂದರೆ ಮುಂದಿನದು. ಮೂರನೆಯದನ್ನು ಬರೆಯುವಾಗ ಮಾತ್ರ ನಾನು ಬಹಳ ಹೊತ್ತು ಕೂರುತ್ತೇನೆ. 'ಜೀವನಾವಶ್ಯಕತೆಗಳಿಂದ ವಂಚಿತರಾಗದೆ ಶುಲ್ಕ ಪಾವತಿಸಲು ಅಶಕ್ತರೇ?' ಎಂದು ಕೇಳಿದರೆ ಮರ್ಯಾದಸ್ಥರು 'ಇಲ್ಲ' ಒತ್ತಿ ಹೋಗಿಬಿಡುತ್ತಾರೆ. 'ಈ ಶುಲ್ಕ ಕಟ್ಟಿದರೆ ಈ ತಿಂಗಳ ಬಾಡಿಗೆಗೋ ದಿನಸಿಗೋ ಕೊರತೆ ಬೀಳುತ್ತದೆಯೇ?' ಎಂದರೆ ಹೌದನ್ನು ಒತ್ತುತ್ತಾರೆ. ಕಾನೂನು ಅದೇ, ಜನರೂ ಅವರೇ.

2020ರ ಮಾರ್ಚಿನಲ್ಲಿ ಕೊರೊನಾದಿಂದ ಕೋರ್ಟುಗಳ ಬಾಗಿಲು ಮುಚ್ಚಿದಾಗ ಬಾಸ್ಟನ್ನಿನ ಸಫೊಕ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನವರು ದೂರದೂರದ ಸ್ವಯಂಸೇವಕರನ್ನು ಕಟ್ಟಿಕೊಂಡು ತುರ್ತು ಫಾರಂಗಳನ್ನೆಲ್ಲ ಫೋನಿಗೆ ಇಳಿಸಿದರು. ಅದರಲ್ಲಿ ಮನೆಯೊಳಗಿನ ಹಿಂಸೆಯಿಂದ ರಕ್ಷಣೆ ಕೋರುವ ಅರ್ಜಿಯೂ ಇತ್ತು. 209ಎ ಎಂದೇ ಇಲ್ಲಿ ಅದರ ಹೆಸರು. ನನ್ನ ಹಿಮ್ಮುಖ ನಡಿಗೆ, ಜಾಣ ಪ್ರಶ್ನೆ ಯಾವುದೂ ಅದರ ಮುಂದೆ ನಡೆಯುವುದಿಲ್ಲ. ಏನಾಯಿತು ಎಂದು ಕೇಳಿ ಒಂದು ದೊಡ್ಡ ಖಾಲಿ ಚೌಕ ಬಿಟ್ಟು ಸುಮ್ಮನಿರಬೇಕು. ಅದನ್ನು ಆಯ್ಕೆಗಳಾಗಿ ಒಡೆದರೆ ಅರ್ಜಿ ಹಾಕುವವಳ ಮಾತು ಹೋಗಿ ನಮ್ಮ ಮಾತಾಗುತ್ತದೆ. ಅರ್ಜಿಯ ಪ್ರತಿ ಎದುರಾಳಿಗೂ ಹೋಗುತ್ತದೆ, ಆದ್ದರಿಂದ ವಿಳಾಸ ಗೋಪ್ಯವಾಗಿಡಬೇಕೇ ಎಂಬ ಪ್ರಶ್ನೆಯನ್ನು ಎಂದೂ ಬಿಡುವಂತಿಲ್ಲ. ಟರ್ನರ್‌ನ ಆದೇಶದಲ್ಲಿ ಗುರುತು ಮಾಡದೆ ಬಿಟ್ಟ ಸಾಲು ನನಗೆ ನೆನಪಾಗುವುದು ಇಲ್ಲೇ. ಪರದೆಯ ಮೂಲೆಯಲ್ಲಿ ಇನ್ನೊಂದು ಗುಂಡಿ ಬೇಕು: ಯಾರಾದರೂ ಹತ್ತಿರ ಬಂದರೆ ಒತ್ತಿದ ಕೂಡಲೇ ಬೇರೆ ಪುಟಕ್ಕೆ ಹಾರುವುದಕ್ಕೆ.

ನಮ್ಮವರಿಗೆ ಕಷ್ಟ ಶುರುವಾಗುವುದು ಮಾತ್ರ ಮೊಟ್ಟಮೊದಲ ಪರದೆಯಲ್ಲೇ. ಫಸ್ಟ್ ನೇಮ್, ಲಾಸ್ಟ್ ನೇಮ್. ಅಪ್ಪನ ಕೈಗೆ ಫೋನ್ ಕೊಟ್ಟು ಪರೀಕ್ಷೆಗೆ ಕೂರಿಸಿದೆ. ಊರನ್ನೂ ತಾತನ ಹೆಸರನ್ನೂ ಎರಡು ಇನಿಷಿಯಲ್ಲಿನಲ್ಲಿ ಮಡಚಿಟ್ಟುಕೊಂಡ ಮನುಷ್ಯ. 'ಲಾಸ್ಟು ಅಂದ್ರೆ ಯಾವುದಮ್ಮ? ನಂದು ಫಸ್ಟೇ ಇನಿಷಿಯಲ್ಲು' ಎಂದರು. ಆ ಚೌಕ ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಬಿಡುವುದಿಲ್ಲ. ಒಂದೇ ಹೆಸರಿನ ಪಾಸ್‌ಪೋರ್ಟ್ ಹೊತ್ತು ಬಂದವರಿಗೆ ಅಮೆರಿಕದ ವೀಸಾ 'ಎಫ್‌ಎನ್‌ಯು' ಎಂದು ಮುದ್ರೆಯೊತ್ತುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಆಮೇಲೆ ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ಅವರನ್ನು ಮಿಸ್ಟರ್ ಫ್ನೂ ಎಂದು ಕರೆಯುತ್ತಾರೆ. ನನ್ನ ಇಂಟರ್‌ವ್ಯೂಗಳಲ್ಲಿ ಕೊನೆಯ ಹೆಸರು ಕಡ್ಡಾಯವಲ್ಲ. ಡಾಕ್‌ಅಸೆಂಬಲ್ಲಿನಲ್ಲಿ ಅದಕ್ಕೆ ಒಂದು ಸಾಲು ಸಾಕು.

ಒಂದು ಗೆರೆಯನ್ನು ಮಾತ್ರ ನಾವು ದಾಟುವಂತಿಲ್ಲ. 'ಇದರ ಅರ್ಥ ಇದು' ಎನ್ನಬಹುದು, 'ನೀವು ಇದನ್ನೇ ಮಾಡಿ' ಎಂದರೆ ವಕೀಲಿಕೆ ಮಾಡಿದಂತೆ. 1999ರಲ್ಲಿ ಟೆಕ್ಸಾಸ್‌ನ ನ್ಯಾಯಾಲಯವೊಂದು ಕ್ವಿಕನ್ ಫ್ಯಾಮಿಲಿ ಲಾಯರ್ ಎಂಬ ಸಾಫ್ಟ್‌ವೇರನ್ನು ಸನ್ನದಿಲ್ಲದ ವಕೀಲಿಕೆ ಎಂದು ನಿಷೇಧಿಸಿಯೇಬಿಟ್ಟಿತ್ತು. ಅದೇ ವರ್ಷ ಶಾಸನಸಭೆ ಕಾನೂನು ತಿದ್ದಿತು: ಇದು ವಕೀಲರ ಸಲಹೆಗೆ ಬದಲಿಯಲ್ಲ ಎಂದು ಎದ್ದು ಕಾಣುವಂತೆ ಬರೆದರೆ ಸಾಕು. ನಾವೂ ಬರೆಯುತ್ತೇವೆ. ಓದುವವರು ಕಡಿಮೆ.

ಕನ್ನಡದಲ್ಲಿ ಇಂಥದ್ದು ಮಾಡಬಾರದೇ ಎಂದು ಇಲ್ಲಿನ ಕನ್ನಡ ಕೂಟದ ಹುಡುಗರು ಕೇಳುತ್ತಾರೆ. ಖಂಡಿತ ಮಾಡಬಹುದು, ಡಾಕ್‌ಅಸೆಂಬಲ್ಲಿಗೆ ಭಾಷೆಯ ಹಂಗಿಲ್ಲ. ಮೊದಲು ಕೈ ಹಾಕಬೇಕಾದ್ದು ಉಚಿತ ಕಾನೂನು ನೆರವಿನ ಅರ್ಜಿಗೆ. ನಮ್ಮ ದೇಶದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ ಬರಗಳಿಗೆ ಸಿಕ್ಕವರು, ಇವರೆಲ್ಲರೂ ಉಚಿತ ವಕೀಲರಿಗೆ ಅರ್ಹರು, ಸಂಪಾದನೆ ಎಷ್ಟೇ ಇರಲಿ. ಆದಾಯದ ಮಿತಿ ಬರುವುದು ಆ ಕಲಮಿನ ಕಟ್ಟಕಡೆಯ ಉಪಕಲಮಿನಲ್ಲಿ, ಬೇರೆ ಯಾವುದರಲ್ಲೂ ಸೇರದವರಿಗೆ. ಇದನ್ನು ಬರೆಯಲು ಯಾರಾದರೂ ಕೂತರೆ ದಯವಿಟ್ಟು ಆದಾಯದ ಪ್ರಶ್ನೆಯನ್ನು ಕೊನೆಗಿಡಿ. ಅರ್ಜಿ ಹಿಡಿದು ಬಂದ ಯಾವ ಹೆಂಗಸಿಗೂ ಅದು ಕಾಣಿಸಬಾರದು.